ಮನೆ ಅತ್ತೆಯ ಹೆಸರಲ್ಲಿದೆ, ಅಕ್ಕ ನಮ್ಮ ಜಗಲಿಯಲ್ಲಿ ಮಲಗುತ್ತಾಳೆ

ಪ್ರಶ್ನೆ: ನಾವು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ತಿರದವರು. ಹನ್ನೊಂದು ವರ್ಷದ ಹಿಂದೆ ಅಕ್ಕನನ್ನು ಗಡಿಯಾಚೆ ಕರ್ನಾಟಕದ ವಿಟ್ಲದ ಕಡೆಗೆ ಮದುವೆ ಮಾಡಿ ಕೊಟ್ಟೆವು, 30 ಪವನ್ ಚಿನ್ನ ಹಾಕಿದ್ದೆವು. ಗಂಡನ ಹೊಡೆತ ತಾಳಲಾರದೆ ಐದು ತಿಂಗಳ ಹಿಂದೆ ಇಬ್ಬರು ಮಕ್ಕಳ ಜೊತೆ ಇಲ್ಲಿಗೆ ಬಂದಿದ್ದಾಳೆ. ನಮ್ಮದು ಎರಡು ಕೋಣೆಯ ಮನೆ. ಅಕ್ಕ ಜಗಲಿಯಲ್ಲಿ ಮಲಗುತ್ತಾಳೆ, ಬೆಳಿಗ್ಗೆ ಐದಕ್ಕೆ ಯಾರೂ ಏಳುವ ಮೊದಲೇ ಚಾಪೆ ಸುತ್ತಿ ಬಾಗಿಲ ಹಿಂದೆ ಇಡುತ್ತಾಳೆ. ಭಾವನ ಕಡೆಯವರು ‘ಮನೆ ಅತ್ತೆಯ ಹೆಸರಲ್ಲಿದೆ, ಅವಳಿಗೆ ಹಕ್ಕಿಲ್ಲ, ಬಿಟ್ಟು ಹೋದದ್ದು ಅವಳೇ’ ಎನ್ನುತ್ತಾರೆ. ಊರವರು ‘ತವರಿದೆಯಲ್ಲ, ಇನ್ನೇನು’ ಎನ್ನುತ್ತಾರೆ. ಅಪ್ಪ ತೀರಿ ನಾಲ್ಕು ವರ್ಷವಾಯಿತು. 15 ಸೆಂಟ್ ಜಾಗ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ, ವಿಲ್ ಬರೆದಿಲ್ಲ. ಅಮ್ಮ ಇದ್ದಾರೆ, ಅಕ್ಕ ತಮ್ಮ ನಾವಿಬ್ಬರೇ ಮಕ್ಕಳು. ಅಕ್ಕನಿಗೆ ಒಂದು ನೆಲೆ ಆಗಲು ಏನು ದಾರಿ?

ಉತ್ತರ: ಆ ಚಾಪೆಯಿಂದಲೇ ಶುರುಮಾಡುತ್ತೇನೆ. ಇದ್ದದ್ದರ ಗುರುತು ಉಳಿಯಬಾರದು ಎಂದು ಬೆಳಗಾಗುವ ಮೊದಲು ಚಾಪೆ ಸುತ್ತುವವರಿಗೆ ತಲೆಯ ಮೇಲೆ ಸೂರಿದೆ, ಮನೆ ಇಲ್ಲ. ನಮ್ಮ ಸರಕಾರಿ ಲೆಕ್ಕಕ್ಕೆ ಇದು ಸಿಗುವುದಿಲ್ಲ. 2011ರ ಜನಗಣತಿ ಮನೆಯಿಲ್ಲದವರೆಂದು ಎಣಿಸಿದ್ದು ರಸ್ತೆ ಬದಿ, ಫುಟ್‌ಪಾತ್, ಮೇಲ್ಸೇತುವೆಯ ಅಡಿ, ರೈಲ್ವೆ ಪ್ಲಾಟ್‌ಫಾರ್ಮ್, ದೇವಸ್ಥಾನದ ಅಂಗಳಗಳಲ್ಲಿ ಮಲಗುವವರನ್ನು. ದೇಶದಲ್ಲಿ ಅಂಥವರು ಸುಮಾರು 17.7 ಲಕ್ಷ ಎಂದಿತು. ತಮ್ಮನ ಜಗಲಿಯಲ್ಲಿ ಮಲಗುವ ಅಕ್ಕ ಅದರಲ್ಲಿಲ್ಲ.

ಹೊಡೆತ ತಿಂದು ಹೊರಬಂದ ಹೆಂಗಸು ಒಂದೇ ದಿನಕ್ಕೆ ಬೀದಿಗೆ ಬೀಳುವುದು ಅಪರೂಪ. ಮೊದಲ ರಾತ್ರಿ ನೆರೆಮನೆ, ಆಮೇಲೆ ತವರು. ತವರಿನಲ್ಲಿ ಮಕ್ಕಳ ಗಲಾಟೆ, ಅಡಿಗೆಮನೆಯ ಇಕ್ಕಟ್ಟು, ಒಂದು ಮಾತು ಹೆಚ್ಚುಕಮ್ಮಿ. ಅಲ್ಲಿಂದ ತಂಗಿಯ ಮನೆ ಅಥವಾ ಚಿಕ್ಕಮ್ಮನ ಮನೆ. ನಾಲ್ಕಾರು ತಿಂಗಳಲ್ಲಿ ಈ ಸುತ್ತು ಮುಗಿಯುತ್ತದೆ. ಆಮೇಲೆ ಉಳಿಯುವುದು ಎರಡೇ, ಅಡ್ವಾನ್ಸ್ ಹೊಂದಿಸಲಾಗದ ಬಾಡಿಗೆ ಕೋಣೆ, ಇಲ್ಲವೇ ಹೊಡೆಯುವವನ ಮನೆಗೇ ವಾಪಸ್. ಹೆಚ್ಚಿನವರು ವಾಪಸ್ ಹೋಗುತ್ತಾರೆ. ‘ಹೊಂದಾಣಿಕೆ ಆಯಿತು’ ಎಂದು ಊರು ಸಮಾಧಾನಪಡುತ್ತದೆ. ನಿಮ್ಮ ಅಕ್ಕ ಐದನೇ ತಿಂಗಳಲ್ಲಿದ್ದಾರೆ. ಹಾಗಾಗಿ ತಡಮಾಡಬೇಡಿ.

ಕೇರಳದ್ದೇ ಒಂದು ಅಧ್ಯಯನವಿದೆ. ಪ್ರದೀಪ್ ಪಾಂಡಾ ಮತ್ತು ಬೀನಾ ಅಗರ್‌ವಾಲ್ ತಿರುವನಂತಪುರ ಜಿಲ್ಲೆಯ 502 ಹೆಂಗಸರನ್ನು ಮಾತಾಡಿಸಿ 2005ರಲ್ಲಿ ಪ್ರಕಟಿಸಿದ್ದು. ತಮ್ಮ ಹೆಸರಲ್ಲಿ ಜಾಗವೂ ಮನೆಯೂ ಇಲ್ಲದವರಲ್ಲಿ 100ಕ್ಕೆ 49 ಮಂದಿ ಗಂಡನ ಹೊಡೆತ ತಿಂದಿದ್ದರು. ಎರಡೂ ಇದ್ದವರಲ್ಲಿ 7 ಮಂದಿ. ದೀರ್ಘಕಾಲ ಹೊಡೆತ ತಿಂದವರಲ್ಲಿ, ಆಸ್ತಿ ಇದ್ದವರು 100ಕ್ಕೆ 71 ಮಂದಿ ಮನೆ ಬಿಟ್ಟು ಹೊರಬಂದರು. ಇಲ್ಲದವರಲ್ಲಿ ಬಂದದ್ದು 19 ಮಂದಿ. ಹೊರಬಂದ 43 ಜನರಲ್ಲಿ 24 ಮಂದಿ ಹಿಂದಿರುಗಿದರು, ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ಆಸ್ತಿ ಇಲ್ಲದವರೇ. ಮಲಗಲು ಜಾಗ ಇಲ್ಲದಿರುವುದು ಹೊಡೆತದ ಪರಿಣಾಮವಷ್ಟೇ ಆಗಿ ಉಳಿಯುವುದಿಲ್ಲ, ಹೊಡೆಯುವವನ ಕೈಯ ಬಲವೂ ಆಗುತ್ತದೆ. ‘ಹೋಗುವುದಾದರೆ ಹೋಗು, ಎಲ್ಲಿಗೆ ಹೋಗುತ್ತೀ’ ಎಂಬ ಮಾತನ್ನು ಅಕ್ಕ ಹನ್ನೊಂದು ವರ್ಷದಲ್ಲಿ ಎಷ್ಟು ಸಲ ಕೇಳಿರಬಹುದು, ಯೋಚಿಸಿ.

ಈಗ ಅತ್ತೆಯ ಹೆಸರಿನ ಮಾತಿಗೆ ಬರೋಣ. ಭಾವನ ಕಡೆಯವರು ಹೇಳುತ್ತಿರುವುದು ಹಳೆಯ ಕಾನೂನು. 2006ರ ಕೊನೆಯಲ್ಲಿ ಸುಪ್ರೀಂ ಕೋರ್ಟು ಬಾತ್ರಾ ಪ್ರಕರಣದಲ್ಲಿ, ಅತ್ತೆ ಮಾವನ ಸ್ವಂತ ಮನೆ ಸೊಸೆಯ ಪಾಲಿಗೆ ‘ಜಂಟಿ ವಾಸದ ಮನೆ’ ಆಗುವುದಿಲ್ಲ ಎಂದಿತ್ತು. ಹದಿನಾಲ್ಕು ವರ್ಷ ಸಾವಿರಾರು ಸೊಸೆಯಂದಿರು ಅದೇ ವಾಕ್ಯದಿಂದ ಹೊರಬಿದ್ದರು. 2020ರ ಅಕ್ಟೋಬರ್ 15ರಂದು ಸತೀಶ್ ಚಂದರ್ ಆಹುಜಾ ಪ್ರಕರಣದಲ್ಲಿ ಅದೇ ಕೋರ್ಟು ಆ ತೀರ್ಪನ್ನು ತಪ್ಪೆಂದು ತೆಗೆದುಹಾಕಿತು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ, 2005 ಕೇಳುವುದು ಮನೆ ಯಾರ ಹೆಸರಲ್ಲಿದೆ ಎಂದಲ್ಲ. ಆಕೆ ಅಲ್ಲಿ ಸಂಸಾರ ಮಾಡಿಕೊಂಡು ಇದ್ದಳೇ ಎಂದು. ನಾಲ್ಕು ದಿನ ನೆಂಟಳಾಗಿ ಇದ್ದರೆ ಸಾಲದು, ಹನ್ನೊಂದು ವರ್ಷ ಬೇಕಾದಷ್ಟಾಯಿತು. ಕಾಯ್ದೆಯ 17ನೇ ಕಲಮು ಆ ಮನೆಯಲ್ಲಿ ವಾಸಿಸುವ ಹಕ್ಕು ಕೊಡುತ್ತದೆ. ಮನೆಯ ಒಡೆತನ ಅಕ್ಕನಿಗೆ ಬರುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡಿರಬೇಕು. ವೃದ್ಧ ಅತ್ತೆಯ ನೆಮ್ಮದಿಯನ್ನೂ ಕೋರ್ಟು ತೂಗಿನೋಡುತ್ತದೆ, ಆ ಮನೆಯ ಬದಲು ಬೇರೆ ವಸತಿ ಕೊಡಿಸಲೂಬಹುದು. ಹಿರಿಯ ನಾಗರಿಕರ ಕಾನೂನು ಹಿಡಿದು ಸೊಸೆಯನ್ನು ಹೊರದಬ್ಬುವ ದಾರಿಯೂ ಇಕ್ಕಟ್ಟಾಗಿದೆ. ಬೆಂಗಳೂರಿನ ವನಿತಾ ಪ್ರಕರಣದಲ್ಲಿ 2020ರ ಡಿಸೆಂಬರಿನಲ್ಲಿ ಆ ತೀರ್ಮಾನವಾಯಿತು.

‘ಬಿಟ್ಟು ಹೋದದ್ದು ಅವಳೇ’ ಎಂಬುದಕ್ಕೂ ಉತ್ತರವಿದೆ. 2022ರ ಮೇ ತಿಂಗಳ ಪ್ರಭಾ ತ್ಯಾಗಿ ತೀರ್ಪಿನ ಪ್ರಕಾರ, ಅರ್ಜಿ ಹಾಕುವ ದಿನ ಆಕೆ ಆ ಮನೆಯಲ್ಲಿ ಇರಲೇಬೇಕೆಂದಿಲ್ಲ. ಮನೆಯೊಳಗೆ ಬಾರದಂತೆ ತಡೆಯುವುದನ್ನು ಕಾಯ್ದೆ ‘ಆರ್ಥಿಕ ಹಿಂಸೆ’ಯ ಪಟ್ಟಿಯಲ್ಲೇ ಹೆಸರಿಸಿದೆ, ಬೀಗ ಬದಲಿಸಿದರೆ ಅದೂ ಹಿಂಸೆ. ಒಂದು ಎಚ್ಚರಿಕೆ ಮಾತ್ರ. ಈಗ ಊರ ಹಿರಿಯರೋ ಜಮಾತಿನವರೋ ಮಾತುಕತೆಗೆ ಕೂರಿಸಿ, ಕೊನೆಗೆ ಒಂದು ಕಾಗದ ಮುಂದಿಡಬಹುದು. ಅದರಲ್ಲಿ ‘ಸ್ವಇಚ್ಛೆಯಿಂದ ಮನೆ ಬಿಟ್ಟಿರುತ್ತೇನೆ’, ‘ಇನ್ನು ಯಾವ ಬೇಡಿಕೆಯೂ ಇಲ್ಲ’ ಎಂಬ ಸಾಲುಗಳಿದ್ದರೆ ಅಕ್ಕ ಸಹಿ ಹಾಕಬಾರದು. ಬರಿ ಸ್ಟಾಂಪ್ ಪೇಪರಿಗಂತೂ ಬೇಡವೇ ಬೇಡ. ಆ ಒಂದು ಸಾಲನ್ನು ಆಮೇಲೆ ಕೋರ್ಟಿನಲ್ಲಿ ಅಳಿಸಲು ವರ್ಷ ಹಿಡಿಯುತ್ತದೆ.

ಅರ್ಜಿ ಎಲ್ಲಿ ಹಾಕುವುದು? ಗಡಿಯ ಈಚೆ ತವರು, ಆಚೆ ಗಂಡನ ಮನೆ ಇರುವವರು ಇಲ್ಲಿಯೇ ಎಡವುತ್ತಾರೆ. ಠಾಣೆಯಲ್ಲಿ ‘ಅದು ಕರ್ನಾಟಕದ ಕೇಸು, ಅಲ್ಲಿಗೆ ಹೋಗಿ’ ಎಂದರೆ ಹಿಂದೆ ಬರುತ್ತಾರೆ. ಕೌಟುಂಬಿಕ ಹಿಂಸೆಯ ಕಾಯ್ದೆಯ 27ನೇ ಕಲಮಿನಂತೆ ಆಕೆ ತಾತ್ಕಾಲಿಕವಾಗಿ ಇರುವ ಜಾಗದ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿಯೂ ಅರ್ಜಿ ಹಾಕಬಹುದು, ಆದೇಶ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಹಿಂದಿನ ದಂಡ ಸಂಹಿತೆಯ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಿನ ಕ್ರೌರ್ಯದ ದೂರನ್ನೂ ತವರಿನ ಠಾಣೆಯಲ್ಲಿ ಕೊಡಬಹುದೆಂದು ಸುಪ್ರೀಂ ಕೋರ್ಟು 2019ರಲ್ಲೇ ಹೇಳಿದೆ. ಹಾಗಾದರೆ ಕಾಸರಗೋಡೋ, ವಿಟ್ಲ ಸೇರುವ ಬಂಟ್ವಾಳವೋ? ನನ್ನ ಅಭಿಪ್ರಾಯ ಇಷ್ಟು: ಅಕ್ಕನಿಗೆ ಅದೇ ಮನೆಗೆ ಹಿಂದಿರುಗುವ ಮನಸ್ಸಿದ್ದರೆ ಬಂಟ್ವಾಳದಲ್ಲಿ ಹಾಕಿ. ನೋಟಿಸು ಬೇಗ ಮುಟ್ಟುತ್ತದೆ, ಆದೇಶ ಜಾರಿ ಮಾಡುವ ಠಾಣೆ ಅದೇ ಕೋರ್ಟಿನ ಕೈಕೆಳಗಿರುತ್ತದೆ, ಕಲಾಪವೂ ಕಾಗದವೂ ಕನ್ನಡದಲ್ಲಿರುತ್ತವೆ. ಬಾಡಿಗೆ, ಜೀವನಾಂಶ, ಚಿನ್ನ ಸಾಕು, ಆ ಮನೆಯ ಹೊಸಿಲು ಬೇಡ ಎಂದಿದ್ದರೆ ಕಾಸರಗೋಡಿನಲ್ಲಿ ಹಾಕಿ. ಪ್ರತಿ ವಾಯಿದೆಗೆ ಇಬ್ಬರು ಮಕ್ಕಳನ್ನು ಬಿಟ್ಟು, ಬಸ್ಸು ಹಿಡಿದು, ಅವನ ಊರಿನಲ್ಲಿ ಇಳಿಯುವ ಭಯ ತಪ್ಪುತ್ತದೆ. ಆಯ್ಕೆ ಅಕ್ಕನದು. ಕೂತು ಕೇಳಿ, ನೀವೇ ತೀರ್ಮಾನಿಸಬೇಡಿ.

ಕಾಸರಗೋಡಿನಲ್ಲಾದರೆ ವಿದ್ಯಾನಗರದ ಸಿವಿಲ್ ಸ್ಟೇಷನ್‌ನಲ್ಲಿರುವ ಮಹಿಳಾ ಸಂರಕ್ಷಣಾಧಿಕಾರಿಯನ್ನು ಕಾಣಿ. ಗಡಿಯಾಚೆ ಆ ಕೆಲಸ ಶಿಶು ಅಭಿವೃದ್ಧಿ ಯೋಜನಾಧಿಕಾರಿಯದು. ಹಿಂಸೆಯ ವಿವರವನ್ನು ನಮೂನೆಯಲ್ಲಿ ಬರೆದು ಮ್ಯಾಜಿಸ್ಟ್ರೇಟರಿಗೆ ಅವರೇ ಕಳಿಸುತ್ತಾರೆ. ಆ ವರದಿ ಇಲ್ಲದಿದ್ದರೂ ನೇರ ಅರ್ಜಿ ನಡೆಯುತ್ತದೆ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ ಪ್ರಕಾರ ಆದಾಯ ಎಷ್ಟೇ ಇರಲಿ, ಹೆಂಗಸರಿಗೆ ಉಚಿತ ವಕೀಲರು ಸಿಗಬೇಕು. ಜಿಲ್ಲಾ ಪ್ರಾಧಿಕಾರದ ಕಚೇರಿ ವಿದ್ಯಾನಗರದ ಕೋರ್ಟ್ ಸಂಕೀರ್ಣದಲ್ಲೇ ಇದೆ, ಕಾನೂನು ನೆರವಿನ ಸಹಾಯವಾಣಿ 15100. ಮಲಯಾಳ ಓದಲು ಬಾರದ ಅಕ್ಕ ಮಲಯಾಳದಲ್ಲಿ ಬರೆದ ಹೇಳಿಕೆಗೆ ‘ಸರಿ’ ಎಂದು ಸಹಿ ಹಾಕಿ ಬರುವುದು ನಮ್ಮ ಜಿಲ್ಲೆಯ ದೊಡ್ಡ ತೊಂದರೆ. ‘ಕೆನ್ನೆಗೆ ಹೊಡೆದ’ ಎಂದದ್ದು ಕಾಗದದಲ್ಲಿ ‘ಜಗಳವಾಯಿತು’ ಎಂದಾಗಿರುತ್ತದೆ. ಕೇರಳದ ಆಡಳಿತ ಭಾಷಾ ಕಾಯ್ದೆ, 1969ರಂತೆ ಕನ್ನಡ ಅಲ್ಪಸಂಖ್ಯಾತರು ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆಯಬಹುದು, ಉತ್ತರವೂ ಕನ್ನಡದಲ್ಲಿ ಬರಬೇಕು. ದೂರನ್ನು ಅಕ್ಕ ಮನೆಯಲ್ಲೇ ಕನ್ನಡದಲ್ಲಿ, ದಿನಾಂಕ ಸಹಿತ ಬರೆಯಲಿ. ಒಂದು ಪ್ರತಿಗೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಲಿ. ಅಲ್ಲಿ ಬರೆದ ಹೇಳಿಕೆಯನ್ನು ಓದಿ ಹೇಳಿದ ಮೇಲೆಯೇ ಸಹಿ ಹಾಕಲಿ.

ಅರ್ಜಿಯಲ್ಲಿ ಏನು ಕೇಳಬೇಕು ಎಂಬುದರಲ್ಲಿ ಅರ್ಧ ಗೆಲುವಿದೆ. ‘ನ್ಯಾಯ ಕೊಡಿಸಿ’ ಎಂದು ಬರೆದರೆ ಏನೂ ಸಿಗುವುದಿಲ್ಲ. ಕೌಟುಂಬಿಕ ಹಿಂಸೆಯ ಕಾಯ್ದೆಯ 19ನೇ ಕಲಮಿನಡಿ ವಾಸದ ಆದೇಶ: ಮನೆಯಿಂದ ಹೊರಹಾಕಬಾರದು, ಮನೆಯನ್ನು ಮಾರಬಾರದು, ಅಡವಿಡಬಾರದು, ಗಂಡ ಹೊರಗೆ ಹೋಗಬೇಕು ಎಂದೂ ಕೇಳಬಹುದು, ಅತ್ತೆಯನ್ನು ಹೊರಗೆ ಕಳಿಸಿ ಎಂದು ಕೇಳಲಾಗದು, ಹೆಂಗಸರ ವಿರುದ್ಧ ಆ ಆದೇಶ ಇಲ್ಲ. ಮನೆಯ ಗುರುತು ಪಂಚಾಯತು ಡೋರ್ ನಂಬರ್ ಸಹಿತ ಇರಲಿ. ಯಾವ ಕೋಣೆ, ಅಡಿಗೆಮನೆ, ಶೌಚಾಲಯ, ಬಾವಿ, ವಿದ್ಯುತ್ ಎಂದು ಬಿಡಿಸಿ ಬರೆಯಿಸಿ. ಆದೇಶ ಹಿಡಿದು ಒಳಗೆ ಹೋದ ಸೊಸೆಗೆ ಕೋಣೆ ಕೊಟ್ಟು, ಪಂಪಿನ ಫ್ಯೂಸ್ ಕಿತ್ತಿಟ್ಟು, ಅಡಿಗೆಮನೆಗೆ ಬೀಗ ಹಾಕಿದರೆ ‘ಹೊರಹಾಕಿಲ್ಲವಲ್ಲ’ ಎಂಬ ವಾದ ಬರುತ್ತದೆ. ಹೀಗಾಗಿ ನೀರು, ಕರೆಂಟು ಕಡಿಯಬಾರದೆಂಬ ಸಾಲು ಬೇಕೇ ಬೇಕು. ಇದರ ಜೊತೆಗೆ 18ನೇ ಕಲಮಿನ ಸಂರಕ್ಷಣಾ ಆದೇಶವನ್ನೂ ಕಡ್ಡಾಯವಾಗಿ ಕೇಳಿ. ಉಲ್ಲಂಘನೆಗೆ ಒಂದು ವರ್ಷದವರೆಗಿನ ಜೈಲು, 20,000 ರೂಪಾಯಿವರೆಗಿನ ದಂಡ ಎನ್ನುವ 31ನೇ ಕಲಮು ಹೆಸರೆತ್ತುವುದು ಸಂರಕ್ಷಣಾ ಆದೇಶವನ್ನು. ಬರಿಯ ವಾಸದ ಆದೇಶ ತಂದವರು, ಅದು ಮುರಿದಾಗ ಠಾಣೆಯಲ್ಲಿ ಕಾನೂನಿನ ಚರ್ಚೆ ಕೇಳಬೇಕಾಗುತ್ತದೆ.

ಆ ಮನೆಗೆ ಹೋಗುವುದಿಲ್ಲ ಎಂದಾದರೆ ಅದೇ 19ರಲ್ಲಿ, ಅಲ್ಲಿ ಅನುಭವಿಸುತ್ತಿದ್ದ ಮಟ್ಟದ ಬೇರೆ ಮನೆ ಅಥವಾ ಬಾಡಿಗೆ ಕೇಳುವ ಅವಕಾಶವಿದೆ. ನಿಮ್ಮ ಪ್ರಶ್ನೆ ಓದಿದರೆ ನನಗೆ ಇದೇ ಹತ್ತಿರದ ದಾರಿ ಎನಿಸುತ್ತದೆ. ಬದಿಯಡ್ಕ, ಸೀತಾಂಗೋಳಿ, ಕುಂಬಳೆ ಕಡೆ ಮಕ್ಕಳ ಶಾಲೆಗೆ ಹತ್ತಿರದ ಎರಡು ಮನೆಗಳ ಬಾಡಿಗೆ ಮತ್ತು ಅಡ್ವಾನ್ಸನ್ನು ಮಾಲಕರಿಂದ ಕಾಗದದಲ್ಲಿ ಬರೆಸಿ ತನ್ನಿ. ಅಂಕೆ ಮುಂದಿದ್ದರೆ ಮ್ಯಾಜಿಸ್ಟ್ರೇಟರು ಅಂಕೆ ಕೊಡುತ್ತಾರೆ. ಅಡ್ವಾನ್ಸನ್ನು ಪ್ರತ್ಯೇಕವಾಗಿ ಕೇಳಬೇಕು, ತಿಂಗಳ ಬಾಡಿಗೆ ಮಾತ್ರ ಬಂದರೆ ಬಾಗಿಲು ತೆರೆಯುವುದೇ ಇಲ್ಲ. ಜೀವನಾಂಶದ ವಿಷಯದಲ್ಲಿ 2020ರ ನವೆಂಬರಿನ ರಜನೀಶ್ ತೀರ್ಪು ನೆನಪಿರಲಿ. ಇಬ್ಬರೂ ಆದಾಯ, ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಮತ್ತು ಹಣ ಲೆಕ್ಕವಾಗುವುದು ಅರ್ಜಿ ಹಾಕಿದ ದಿನದಿಂದ. ಅಕ್ಕ ಬಂದ ದಿನವೇ ಅರ್ಜಿ ಹಾಕಿದ್ದರೆ ಐದು ತಿಂಗಳ ಬಾಕಿ ಈಗ ಅವರ ಲೆಕ್ಕದಲ್ಲಿರುತ್ತಿತ್ತು.

ಕಾಯ್ದೆ ಮೊದಲ ವಿಚಾರಣೆಗೆ ಸಾಮಾನ್ಯವಾಗಿ 3 ದಿನ, ತೀರ್ಮಾನಕ್ಕೆ 60 ದಿನ ಎನ್ನುತ್ತದೆ. ನಿಜದಲ್ಲಿ ಆ ಗಡುವಿನೊಳಗೆ ಮುಗಿಯುವುದಿಲ್ಲ. ಆದುದರಿಂದ 23ನೇ ಕಲಮಿನ ಮಧ್ಯಂತರ ಆದೇಶಕ್ಕೆ ಅಫಿಡವಿಟ್ಟನ್ನು ಮೊದಲ ದಿನವೇ ಅರ್ಜಿಯ ಜೊತೆ ಹಾಕಿಸಿ. ಎದುರಿನವರು ಬಾರದಿದ್ದರೂ ಅದರ ಮೇಲೆ ಆದೇಶ ಕೊಡಬಹುದು. ಉಚಿತ ವಕೀಲರಿಗೆ ಕೆಲಸದೊತ್ತಡದಲ್ಲಿ ಇದು ಬಿಟ್ಟುಹೋಗುವುದುಂಟು. ನೆನಪಿಸಲು ಸಂಕೋಚ ಬೇಡ.

30 ಪವನ್ ಎಂದರೆ 240 ಗ್ರಾಂ. ಅದೆಲ್ಲಿದೆ ಎಂದು ನೀವು ಬರೆದಿಲ್ಲ. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಹೀಗೆ: ಹೆಂಡತಿಯ ಚಿನ್ನ ಸಹಕಾರಿ ಬ್ಯಾಂಕಿನಲ್ಲಿ ಅಡವಾಗುತ್ತದೆ, ಆ ಹಣದಲ್ಲಿ ಮನೆಗೆ ಸ್ಲ್ಯಾಬ್ ಬೀಳುತ್ತದೆ, ಮನೆ ಮಾತ್ರ ಅತ್ತೆಯ ಹೆಸರಿನಲ್ಲೇ ಉಳಿಯುತ್ತದೆ. ಆಕೆಯ ಚಿನ್ನದಲ್ಲಿ ಎದ್ದ ಗೋಡೆಯ ಹೊರಗೆ ಆಕೆಯೇ ನಿಲ್ಲುತ್ತಾಳೆ. ಮದುವೆಯಲ್ಲಿ ಹಾಕಿದ ಚಿನ್ನ ಸ್ತ್ರೀಧನ, ಪೂರ್ತಿ ಹೆಣ್ಣಿನದು. ಕೇರಳದ್ದೇ ಒಂದು ಪ್ರಕರಣದಲ್ಲಿ, 89 ಪವನ್ ವಿಷಯವಾಗಿ, ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2024ರ ಏಪ್ರಿಲಿನಲ್ಲಿ ಆದೇಶಿಸಿತು. ಮದುವೆಯ ಫೋಟೋ, ಚಿನ್ನದಂಗಡಿಯ ಬಿಲ್ಲು, ಬ್ಯಾಂಕಿನ ಅಡವು ಚೀಟಿ ಹುಡುಕಿ. ಬಿಲ್ಲು ಕಳೆದಿದ್ದರೆ ಅಂಗಡಿಯಲ್ಲಿ ಹಳೆಯ ಪ್ರತಿ ಕೇಳಿ. ಯಾವ ಒಡವೆ, ಎಷ್ಟು ಪವನ್, ಕೊನೆಗೆ ಯಾರ ಕೈಯಲ್ಲಿತ್ತು ಎಂಬ ಪಟ್ಟಿ ಅರ್ಜಿಗೆ ಲಗತ್ತಾಗಲಿ.

ಇನ್ನು ನಿಮ್ಮ ಮನೆಯ ಮಾತು. ಕಹಿಯಾದರೂ ಹೇಳಲೇಬೇಕು. ಆ 15 ಸೆಂಟ್ ಜಾಗದಲ್ಲಿ ಅಕ್ಕ ನೆಂಟಳಲ್ಲ. ಹಿಂದೂ ಉತ್ತರಾಧಿಕಾರ ಕಾನೂನಿನಂತೆ, ಅಪ್ಪ ವಿಲ್ ಬರೆಯದೆ ತೀರಿಕೊಂಡಿದ್ದರೆ ಅಮ್ಮ, ಅಕ್ಕ, ನೀವು ಮೂವರಿಗೂ ಸಮಪಾಲು, ತಲಾ 5 ಸೆಂಟ್. ‘ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಅಲ್ಲಿಗೆ ಪಾಲು ಮುಗಿಯಿತು’ ಎಂಬುದು ಊರಿನ ಮಾತು, ಕಾನೂನಲ್ಲ. ನೋಂದಾಯಿತ ಹಕ್ಕುಬಿಡುಗಡೆ ಪತ್ರಕ್ಕೆ ಆಕೆ ಸಹಿ ಹಾಕಿದ್ದರೆ ಮಾತ್ರ ಬೇರೆ. ಗಂಡುಮಕ್ಕಳು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣುಮಕ್ಕಳು ವಾಸದ ಮನೆಯ ವಿಭಾಗ ಕೇಳಬಾರದೆಂಬ ಹಳೆಯ ಅಡ್ಡಿಯೂ 2005ರಲ್ಲಿ ಹೋಯಿತು. (ಮುಸ್ಲಿಂ ಕುಟುಂಬಗಳಲ್ಲಿ ಮಗನಿಗೆ ಸಿಗುವುದರ ಅರ್ಧ ಮಗಳಿಗೆ. ಕೌಟುಂಬಿಕ ಹಿಂಸೆಯ ಕಾಯ್ದೆಯಾದರೋ ಎಲ್ಲ ಮತದವರಿಗೂ ಒಂದೇ.) ಆಸ್ತಿ ಹೆಣ್ಣಿನ ಕಡೆಯಿಂದ ಸಾಗುವ ಅಳಿಯಸಂತಾನ, ಮರುಮಕ್ಕತ್ತಾಯ ನಡೆದ ಮಣ್ಣು ನಮ್ಮದು. ತರವಾಡು ಎಂಬ ಕೂಡುಕುಟುಂಬದ ಮನೆಯಲ್ಲಿ ಹೆಣ್ಣಿಗೆ ಜಾಗ ಕೇಳಿ ಪಡೆಯಬೇಕಾಗಿರಲಿಲ್ಲ. ಪಾಲು ಸೆಂಟಿನ ಲೆಕ್ಕಕ್ಕೆ ಇಳಿದ ಮೇಲೆ ‘ಕೊಟ್ಟ ಹೆಣ್ಣು ಹೊರಗಿನವಳು’ ಎಂಬ ಮಾತು ಬೇರೂರಿತು. 5 ಸೆಂಟ್ ಅಕ್ಕನ ಹೆಸರಿಗಾದರೆ ಸರಕಾರದ ವಸತಿ ಯೋಜನೆಗೆ ಪಂಚಾಯತಿನಲ್ಲಿ ಅರ್ಜಿ ಹಾಕಲು ಅವರ ಕೈಯಲ್ಲಿ ಸ್ವಂತ ನೆಲವಿರುತ್ತದೆ. ನಾಳೆಯೇ ವಿಭಾಗ ಮಾಡಬೇಕೆಂದಿಲ್ಲ. ‘ನಿನ್ನದೂ ಪಾಲಿದೆ’ ಎಂದು ಅಮ್ಮನ ಎದುರಿಗೆ ಬಾಯಿಬಿಟ್ಟು ಹೇಳಿ. ಐದು ಗಂಟೆಗೆ ಚಾಪೆ ಸುತ್ತುವುದು ಆ ಮಾತಿಗೆ ನಿಲ್ಲಬಹುದು.

ಆಶ್ರಯ ಕೇಂದ್ರದ ಬಗ್ಗೆ: ಇಂದು ರಾತ್ರಿ ಜೀವಕ್ಕೆ ಅಪಾಯವಿದ್ದರೆ 112, ಇಲ್ಲವೇ ಮಹಿಳಾ ಸಹಾಯವಾಣಿ 181. ಹಿಂಸೆಗೊಳಗಾದ ಹೆಂಗಸರಿಗಾಗಿ ಸರಕಾರ ನಡೆಸುವ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಸಾಮಾನ್ಯವಾಗಿ 5 ದಿನದವರೆಗೆ ಇರಬಹುದು; ಕೇರಳದ ಮಹಿಳಾ ಸಂಘಗಳ ಯೋಜನೆಯಾದ ಕುಟುಂಬಶ್ರೀಯ ಸ್ನೇಹಿತಾ ಕೇಂದ್ರದಲ್ಲಿಯೂ ತಾತ್ಕಾಲಿಕ ಆಶ್ರಯವಿದೆ. ತಿಂಗಳುಗಟ್ಟಲೆ ಇರಲು ಶಕ್ತಿ ಸದನದಂಥ ಕೇಂದ್ರಗಳು. ‘ತವರಿದೆಯಲ್ಲ’ ಎಂದು ವಾಪಸ್ ಕಳಿಸುವಂತಿಲ್ಲ, ಸಂರಕ್ಷಣಾಧಿಕಾರಿ ಕೋರಿದರೆ ಆಶ್ರಯ ಕೊಡಲೇಬೇಕೆಂದು ಕೌಟುಂಬಿಕ ಹಿಂಸೆಯ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಹೋಗುವ ಮೊದಲು ಎರಡು ಮಾತು ಕೇಳಿ ಹೋಗಿ. ಗಂಡುಮಕ್ಕಳನ್ನು ಎಷ್ಟು ವಯಸ್ಸಿನವರೆಗೆ ತಾಯಿಯ ಜೊತೆ ಬಿಡುತ್ತಾರೆ? ದೊಡ್ಡ ಮಗನನ್ನು ಬಾಗಿಲಲ್ಲಿ ಬೇರೆ ಮಾಡುತ್ತಾರೆಂದು ತಿಳಿದು ಅಲ್ಲಿಂದಲೇ ತಿರುಗಿದ ತಾಯಂದಿರಿದ್ದಾರೆ. ಇನ್ನೊಂದು, ಹತ್ತಿರದಲ್ಲಿ ಕನ್ನಡ ಮಾಧ್ಯಮದ ಶಾಲೆ ಇದೆಯೇ? ದಕ್ಷಿಣಕ್ಕೆ ಹೋದಷ್ಟೂ ಇರುವುದಿಲ್ಲ. ಕನ್ನಡದಲ್ಲಿ ಓದುತ್ತಿದ್ದ ಮಗು ಮನೆಯ ಜೊತೆ ಪಾಠವನ್ನೂ ಕಳೆದುಕೊಳ್ಳುತ್ತದೆ. ನಿಮ್ಮ ಅಕ್ಕನ ಸ್ಥಿತಿಯಲ್ಲಿ ತವರಿನಲ್ಲೇ ನಿಂತು ಬಾಡಿಗೆ ಆದೇಶ ತರುವುದು ಮೇಲು. ವಿಟ್ಲದ ಶಾಲೆಯವರು ಟಿಸಿ ಕೊಡದಿದ್ದರೂ ಇಲ್ಲಿನ ಶಾಲೆ ಮಕ್ಕಳನ್ನು ಸೇರಿಸಿಕೊಳ್ಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ ಟಿಸಿ ತಡವಾದ ಕಾರಣಕ್ಕೆ ಪ್ರವೇಶ ನಿರಾಕರಿಸಬಾರದೆನ್ನುತ್ತದೆ.

ಕಾಗದಪತ್ರಗಳಲ್ಲಿ ಮೊದಲು ಆಧಾರ್ ನೋಡಿ. ಅದಕ್ಕೆ ಗಂಡನ ಫೋನ್ ನಂಬರ್ ಜೋಡಿಸಿದ್ದರೆ ಅಕ್ಕ ಬ್ಯಾಂಕಿಗೆ ಹೋದರೂ, ಅರ್ಜಿ ಹಾಕಿದರೂ ಓಟಿಪಿ ಅವನಿಗೆ ಹೋಗುತ್ತದೆ. ಎಲ್ಲಿದ್ದಾಳೆ, ಏನು ಮಾಡುತ್ತಿದ್ದಾಳೆ ಎಂದು ಅವನಿಗೆ ಮನೆಯಲ್ಲೇ ಕೂತು ಗೊತ್ತಾಗುತ್ತದೆ. ಆಧಾರ್ ಸೇವೆ ಇರುವ ಅಕ್ಷಯ ಕೇಂದ್ರದಲ್ಲಿ (ಕೇರಳದ ಸರಕಾರಿ ಆನ್‌ಲೈನ್ ಸೇವಾ ಕೇಂದ್ರ) ಬೆರಳಚ್ಚು ಕೊಟ್ಟು ನಂಬರ್ ಬದಲಿಸಬಹುದು, ದಾಖಲೆ ಬೇಕಿಲ್ಲ. ಫೋನಿನ ಗೂಗಲ್ ಖಾತೆ ಅವನ ಫೋನಿನಲ್ಲೂ ತೆರೆದಿದೆಯೇ ನೋಡಿ ಪಾಸ್‌ವರ್ಡ್ ಬದಲಿಸಿ. ರೇಷನ್ ಕಾರ್ಡಿನಲ್ಲಿ ಹೆಸರು ಆಚೆ ಇರುವವರೆಗೆ ಇಲ್ಲಿ ಸೇರಿಸಲಾಗದು. ಹೆಸರು ತೆಗೆಸಲು ಆ ಮನೆಯವರು ಒಪ್ಪದಿದ್ದರೆ, ಕೋರ್ಟಿನ ಅರ್ಜಿಯ ಪ್ರತಿಯನ್ನಿಟ್ಟು ಅಲ್ಲಿನ ಆಹಾರ ಇಲಾಖೆಗೆ ಅಕ್ಕನೇ ಬರೆಯಲಿ, ಸಂರಕ್ಷಣಾಧಿಕಾರಿಯ ಪತ್ರವೂ ಜೊತೆಗಿರಲಿ. ಅಕ್ಕ ಬೀಡಿ ಕಟ್ಟುತ್ತಿದ್ದರೆ ಪಾಸ್‌ಬುಕ್ ಮತ್ತು ಪಿಎಫ್ ನಂಬರ್ ಬೀಡಿ ಕಂಪೆನಿಯ ಆಚೆಯ ಬ್ರಾಂಚಿನಲ್ಲಿರುತ್ತದೆ. ಎಲೆ, ಹೊಗೆಸೊಪ್ಪು ಇಲ್ಲಿ ಯಾರದೋ ಹೆಸರಿನಲ್ಲಿ ತಂದು ಕಟ್ಟಿದರೆ ಕೂಲಿ ಬರುತ್ತದೆ, ಪಿಎಫ್ ಅವರ ಖಾತೆಗೆ ಸೇರುವುದಿಲ್ಲ. ಬೀಡಿ ಕಟ್ಟುವ ಮೊರ ಇಲ್ಲಿಗೆ ತಂದ ಹಾಗೆ ಆ ನಂಬರನ್ನೂ ಇಲ್ಲಿಯ ಬ್ರಾಂಚಿಗೆ ತರಿಸಿಕೊಳ್ಳಲಿ.

ಉಳಿದ ಬಟ್ಟೆ, ಪುಸ್ತಕ, ಸರ್ಟಿಫಿಕೇಟು ತರಲು ನೀವಿಬ್ಬರೇ ವಿಟ್ಲಕ್ಕೆ ಹೋಗಬೇಡಿ. ಹೆಂಡತಿ ಇನ್ನು ಬರುವುದಿಲ್ಲ ಎಂದು ಗೊತ್ತಾದ ಹೊತ್ತಿನಲ್ಲೇ ದೊಡ್ಡ ಹಲ್ಲೆಗಳಾಗುವುದು. ಸಾಮಾನು ತರುವಾಗ ಪೊಲೀಸರು ಜೊತೆಗಿರಬೇಕೆಂದು ಅರ್ಜಿಯಲ್ಲೇ ಕೇಳಿ, ಆದೇಶದ ಪ್ರತಿ ಉಚಿತವಾಗಿ ಸಿಗುತ್ತದೆ, ಅದನ್ನು ಠಾಣೆಗೆ ಕೊಟ್ಟು ಹಗಲು ಹೊತ್ತಿನಲ್ಲಿ ಹೋಗಿ. ಹೋಗುವ ಮೊದಲು ತರಬೇಕಾದ್ದರ ಪಟ್ಟಿ ಮಾಡಿ: ಮದುವೆ ಸರ್ಟಿಫಿಕೇಟು, ಮಕ್ಕಳ ಜನನ ಪತ್ರ, ಬ್ಯಾಂಕ್ ಪಾಸ್‌ಬುಕ್, ಆಸ್ಪತ್ರೆಯ ಚೀಟಿಗಳು. ಹಳೆಯ ಚೀಟಿಯಲ್ಲಿ ‘ಬಿದ್ದು ಗಾಯ’ ಎಂದು ಬರೆದಿದ್ದರೂ ಬಿಸಾಡಬೇಡಿ. ದಿನಾಂಕವಿದೆ, ಗಾಯ ಎಲ್ಲಿ ಎಂದಿದೆ. ಯಾವ ಸಲ ಏನಾಗಿತ್ತು ಎಂಬುದನ್ನು ಅಕ್ಕ ಅದರ ಪಕ್ಕದಲ್ಲಿ ಬೇರೆ ಹಾಳೆಯಲ್ಲಿ ಬರೆದಿಡಲಿ.